ನವೆಂಬರ್ ಹತ್ತೊಂಬತ್ತು, ಎರಡು ಗಂಟೆ

ಎಫ್‌ಎಂ ಹುಡುಗ ಬೆಳಗ್ಗೆ ಏಳೂವರೆಗೆ
ಉಸಿರೂ ಎಳೆದುಕೊಳ್ಳದೆ ಒದರುತ್ತಾನೆ:
ಸಂಗೀತದ ಇತಿಹಾಸದಲ್ಲಿ ಈ ದಿನ
ಸಮುದ್ರದಾಚೆ ಯಾರೋ ಹುಟ್ಟಿದರು,
ನಾಲ್ವರ ತಂಡವೊಂದು ಮುನಿಸಿಕೊಂಡು ಮೂವರಾಯಿತು,
ಒಂದು ರೆಕಾರ್ಡು ಕೋಟಿಗಟ್ಟಲೆ ಬಿಕರಿಯಾಯಿತು.
ಆಮೇಲೆ ಚಿನ್ನದಂಗಡಿಯ ಜಾಹೀರಾತು.

ಒಗ್ಗರಣೆಗೆ ಸಾಸಿವೆ ಹಾಕುತ್ತ ನಾನು
ಅವನು ಬಿಟ್ಟದ್ದನ್ನು ಸೇರಿಸುತ್ತೇನೆ.

ಎಂಬತ್ತಾರನೇ ಇಸವಿ. ಮಂಡ್ಯ. ಪೇಟೆಬೀದಿಯ ಹಿಂದೆ
ಸೈಕಲ್ ಶಾಪಿಗೂ ಹಿಟ್ಟಿನ ಗಿರಣಿಗೂ ನಡುವೆ
ಒಬ್ಬರು ಒಳಗೆ ಬಂದರೆ ಒಬ್ಬರು ಹೊರಗೆ ಹೋಗಬೇಕಾದಷ್ಟು
ಗೌಸಣ್ಣನ ಕ್ಯಾಸೆಟ್ ಅಂಗಡಿ.
ಅಕ್ಷರ ದುಂಡಗಿದೆಯೆಂದು ನನ್ನನ್ನು ಇಟ್ಟುಕೊಂಡಿದ್ದ,
ಡಬ್ಬಿಯೊಳಗಿನ ಚೀಟಿಗೆ ಹಾಡಿನ ಸಾಲು ಬರೆಯಲು.
ಎ ಕಡೆ ಆರು, ಬಿ ಕಡೆ ಆರು,
ಚೀಟಿಗೆ ಹದಿನೈದು ಪೈಸೆ,
ಕಾಗುಣಿತ ತಪ್ಪಿದರೆ ಸೊನ್ನೆ.

ಆ ಹಾಡು ಆಗಷ್ಟೇ ಬಂದಿತ್ತು, ರೇಡಿಯೋದಲ್ಲಿ ಮಾತ್ರ.
ಬೆಂಗಳೂರಿನಿಂದ ಕ್ಯಾಸೆಟ್ ಬರಲು ಹದಿನೈದು ದಿನ.
ನಮ್ಮೂರಿಗೆ ಅಷ್ಟು ತಾಳ್ಮೆ ಎಲ್ಲಿತ್ತು?
ಮಧ್ಯಾಹ್ನದ ಕೋರಿಕೆ ಕಾರ್ಯಕ್ರಮಕ್ಕೆ
ಮೂರು ಹೆಸರಲ್ಲಿ ಕಾರ್ಡು ಹಾಕಿಸಿದ್ದ ಗೌಸಣ್ಣ,
ಒಂದು ನನ್ನದೇ: ಕುಮಾರಿ ಜಯಶೀಲ, ಹೊಸಹಳ್ಳಿ.

ಸ್ಕೂಲಿಗೆ ಚಕ್ಕರ್ ಹೊಡೆದು ಬಂದಿದ್ದೆ.
ರೇಡಿಯೋದ ಮೂತಿಗೆ ಟೇಪ್ ರೆಕಾರ್ಡರಿನ ಮೂತಿ ಹಚ್ಚಿ
ಬಾಗಿಲು ಹಾಕಿದ. ಫ್ಯಾನು ನಿಲ್ಲಿಸಿದ.
ಗಿರಣಿಯ ಸಾಕಮ್ಮನಿಗೆ ಕೈಮುಗಿದು ಬೆಲ್ಟು ಬಿಚ್ಚಿಸಿದ.
ಕೆಮ್ಮು ಬಂದೀತೆಂದು ನಾನು ಲಂಗದ ತುದಿ ಕಚ್ಚಿಕೊಂಡೆ.

ಪಲ್ಲವಿ ಮುಗಿಯಿತು. ಮೊದಲ ಚರಣ ಮುಗಿಯಿತು.
ಕೊಳಲು ಇಳಿದು ಪಿಟೀಲುಗಳು ಏಳಬೇಕು, ಅಲ್ಲಿ,
ಸರಿಯಾಗಿ ಅಲ್ಲಿ,
ಸಕ್ಕರೆ ಫ್ಯಾಕ್ಟ್ರಿಯ ಎರಡು ಗಂಟೆಯ ಸೈರನ್ನು.

ಊರ ಮೇಲೆಲ್ಲ ಕಾಕಂಬಿ ವಾಸನೆಯ ಹಾಗೆ
ದಪ್ಪಗೆ, ಉದ್ದಕ್ಕೆ, ಯಾರಪ್ಪನ ಮುಲಾಜೂ ಇಲ್ಲದೆ.
ಗೌಸಣ್ಣ ಬೈಯಲಿಲ್ಲ. ಕಣ್ಣು ಮುಚ್ಚಿ ಕೇಳಿದ.
“ಬುಡವ್ವ,” ಅಂದ, “ಸುತಿ ಸರಿಯಾಗೇ ಸೇರ್ಕತು.”

ಹದಿನೈದು ದಿನದಲ್ಲಿ ಇನ್ನೂರು ಕಾಪಿ.
ಇಂಡುವಾಳಿಗೆ, ಬಸರಾಳಿಗೆ, ಕೆರಗೋಡಿಗೆ,
ಆಲೆಮನೆಗೆ, ಟೆಂಪೋಗೆ, ಕಟಿಂಗ್ ಶಾಪಿಗೆ.
ತಿರುಗಿ ತಂದವನು ಒಬ್ಬನೇ, ಹನಕೆರೆಯ ಬೋರಲಿಂಗು:
“ಇದೇನಣ್ಣ, ಹಾಡೊಳಿಕ್ಕೆ ಫ್ಯಾಕ್ಟ್ರಿ ನುಗ್ಗದೆ?”
ಅಂದವನು ಇನ್ನೊಮ್ಮೆ ಪೂರ್ತಿ ಕೇಳಿ
ತಂಗಿಗೂ ಒಂದು ಕೊಂಡುಹೋದ.
ಬೆಂಗಳೂರಿನದು ಬಂದಾಗ ಮುಟ್ಟುವವರಿಲ್ಲ,
ಅದರಲ್ಲಿ ಏನೋ ಕಮ್ಮಿ ಅಂದರು.
ಎರಡನೇ ಕಂತಿನ ಚೀಟಿಗೆ ಗೌಸಣ್ಣ ಹೇಳಿ ಬರೆಸಿದ,
ಹಾಡಿದವರ ಹೆಸರು, ರಾಗ ಹಾಕಿದವರ ಹೆಸರು, ಅದರ ಕೆಳಗೆ
ನನ್ನ ದುಂಡಗಿನ ಅಕ್ಷರದಲ್ಲಿ
ಸೈರನ್: ಸಕ್ಕರೆ ಫ್ಯಾಕ್ಟ್ರಿ.

ಮರುವರ್ಷ ಇದೇ ತಾರೀಖು ಗುತ್ತಲು ರಸ್ತೆಯಲ್ಲಿ ಆರ್ಕೆಸ್ಟ್ರಾ.
ನವೆಂಬರು ಪೂರ್ತಿ ರಾಜ್ಯೋತ್ಸವ ನಮಗೆ.
ಕೀಬೋರ್ಡಿನ ಬೆಟ್ಟಸ್ವಾಮಿ ಆ ಜಾಗಕ್ಕೆ ಬಂದಾಗ
ಎಡಗೈಯಲ್ಲಿ ಸೈರನ್ನು ನುಡಿಸಿದ.
ಅವನು ಕಲಿತದ್ದೇ ನಮ್ಮ ಕ್ಯಾಸೆಟ್ಟಿನಿಂದ,
ಹಾಡು ಇರುವುದೇ ಹಾಗೆಂದು.
ಮೈಸೂರಿನಿಂದ ಬಂದಿದ್ದ ಗಾಯಕಿ ಬೆಚ್ಚಿ ತಾಳ ತಪ್ಪಿದಳು.
ಜನ ಒನ್ಸ್ ಮೋರ್ ಎಂದರು. ಅವಳಿಗಲ್ಲ.

ಹಾಡಿನ ಹೆಸರು ಹೇಳುವುದಿಲ್ಲ ನಾನು.
ಹೇಳಿದರೆ ನೀವು ಈಗಲೇ ಗುನುಗಿಕೊಳ್ಳುತ್ತೀರಿ,
ಸೈರನ್ ಇಲ್ಲದೆ.

ಗೌಸಣ್ಣನ ಅಂಗಡಿಯಲ್ಲಿ ಈಗ ಮೊಬೈಲ್ ಕವರು.
ಸೈರನ್ನು ಎಂದು ನಿಂತಿತೋ
ಯಾರೂ ತಾರೀಖು ಬರೆದಿಡಲಿಲ್ಲ.

ಹೋದ ತಿಂಗಳು ಕಲ್ಲಹಳ್ಳಿಯ ಛತ್ರದಲ್ಲಿ ಬೀಗರೂಟ.
ಯಾವನೋ ಹುಡುಗ ಫೋನಿನಿಂದ ಆ ಹಾಡು ಹಚ್ಚಿದ.
ತೊಳೆದು ಬೋರಲಿಟ್ಟ ಲೋಟದಂಥ ಸದ್ದು, ಒಂದು ಕಣ ಧೂಳಿಲ್ಲ.
ಕೊಳಲು ಇಳಿಯಿತು. ಪಿಟೀಲು ಎದ್ದಿತು. ಅಷ್ಟೇ.
ಮುದ್ದೆ ಮುರಿಯುತ್ತಿದ್ದ ನನ್ನ ಕೈ ನಿಂತಿತು.
ತಲೆಯೆತ್ತಿದರೆ ಎದುರು ಪಂಕ್ತಿಯಲ್ಲಿ
ಗುರುತಿಲ್ಲದ ನಾಲ್ಕು ನರೆತಲೆಗಳೂ ಎತ್ತಿವೆ,
ಎಲ್ಲರ ಮುಖ ಫ್ಯಾಕ್ಟ್ರಿ ದಿಕ್ಕಿಗೆ.
ಒಬ್ಬಾತ ಗಡಿಯಾರ ನೋಡಿಕೊಂಡ.